ಬಿಂದಿಗೆಗೊಂದು ಚೊಂಬು

ಮಕ್ಕಳ ಹಲ್ಲಿನ ಸುಖದುಃಖ ಊರಿನ ನಲ್ಲಿಗೆ ಕೇಳಿಸುವಂತಿದ್ದರೆ ಹೇಗಿರುತ್ತಿತ್ತು? ಸಿಡಿಲಕೋಟೆಯ ನಲ್ಲಿಗೆ ಅದು ಕೇಳಿಸುತ್ತಿತ್ತು. ನಗಬೇಡಿ, ಹೇಗೆ ಅಂತ ಹೇಳುತ್ತೇನೆ.

ಅಂಗನವಾಡಿಗೆ ಸೇರಿದ ಪ್ರತಿ ಮಗುವಿನ ದವಡೆ ಹಲ್ಲಿಗೆ ಅಲ್ಲಿ ಒಂದು ಸಣ್ಣ ಕಾಳು ಅಂಟಿಸುತ್ತಿದ್ದರು. ಸರ್ಕಾರಿ ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ಊರಿನವರು 'ಸಾಸಿವೆ' ಅಂದರು, ಅದೇ ಉಳಿಯಿತು. ಮಗು ಕುಡಿಯುವುದರಲ್ಲಿ, ತಿನ್ನುವುದರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಸಾಸಿವೆ ಅಳೆದು ನೆನಪಿಟ್ಟುಕೊಳ್ಳುತ್ತಿತ್ತು. ಬೆಳಿಗ್ಗೆ ಮಗು ಅಂಗನವಾಡಿಯ ಗೇಟು ದಾಟುವಾಗ ಗೇಟು ಅದನ್ನು ಓದಿಕೊಂಡು ಊರಾಚೆಯ ನೀರಿನ ಮನೆಗೆ ಕಳಿಸುತ್ತಿತ್ತು. ನೀರಿನ ಮನೆಯ ಗೋಡೆಯ ಮೇಲೆ ಊರಿನ ದೊಡ್ಡ ನಕ್ಷೆ. ಒಂದು ಮಗುವಿಗೆ ಒಂದು ಚುಕ್ಕಿ. ಫ್ಲೋರೈಡ್ ಸಾಲದಿದ್ದರೆ ಬಿಳಿ, ಹದವಾಗಿದ್ದರೆ ಹಸಿರು, ಹೆಚ್ಚಾದರೆ ಹಳದಿ. ಚುಕ್ಕಿಗಳನ್ನು ನೋಡಿಕೊಂಡು ನೀರಿಗೆ ಎಷ್ಟು ಬೆರೆಸಬೇಕು ಅಂತ ಲೆಕ್ಕ ಹಾಕುವ ಯಂತ್ರವೂ ಅಲ್ಲೇ ಇತ್ತು. ಸಾರಿಗೆ ಉಪ್ಪು ಹಾಕುವವನ ಹಾಗೆ ಅದೂ ಹದ ನೋಡಿ ಹಾಕಬೇಕಾದ್ದರಿಂದ ಅದಕ್ಕೆ 'ಬಾಣಸಿಗ' ಅಂತ ಅಡ್ಡಹೆಸರು ಬಿದ್ದಿತ್ತು.

ಬಾಣಸಿಗ ಬಂದು ತಿಂಗಳಾಗಿತ್ತು, ಇನ್ನೂ ಒಲೆ ಹಚ್ಚಿರಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ಅಂತ ಮೇಲಿನ ಕಚೇರಿಯ ಆದೇಶ ಬಂದಿತ್ತು. ಫ್ಲೋರೈಡ್ ಪುಡಿಯ ಮೂಟೆಗಳು ಬಂದು ಬಿದ್ದಿದ್ದವು. ಲೀಟರಿಗೆ ಮುಕ್ಕಾಲು ಮಿಲಿಗ್ರಾಮಿಗಿಂತ ಚೂರು ಕಡಿಮೆ, ಅಂದರೆ ಸೊನ್ನೆ ಬಿಂದು ಏಳು. ಅಷ್ಟೇ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಸಿಡಿಲಕೋಟೆಯವರ ಮುಂದೆ ಫ್ಲೋರೈಡ್ ಅನ್ನುವುದೇ ಬೇಡ, ಹಳೆಯ ಶತ್ರುವಿನ ಹೆಸರು ಕೇಳಿದ ಹಾಗೆ ಮುಖ ಗಂಟಿಕ್ಕುತ್ತಿದ್ದರು.

ಗಂಟಿಕ್ಕದೆ ಇನ್ನೇನು ಮಾಡುತ್ತಾರೆ? ಬಂಡೆಗಳ ನಡುವಿನ ಊರು ಅದು. ಆ ಬಂಡೆಗಳಲ್ಲಿ ಇಳಿದು ಬಂದ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ ಏಳು ಮಿಲಿಗ್ರಾಮ್ ಫ್ಲೋರೈಡ್. ಬೇಕಾದುದರ ಹತ್ತರಷ್ಟು! ಮಕ್ಕಳ ಹಲ್ಲು ವಸಡಿನಿಂದ ಹೊರಗೆ ಬರುವಾಗಲೇ ಕಂದು ಬಣ್ಣ. ನಲವತ್ತಕ್ಕೆ ಮಂಡಿ ಮಡಿಸಲು ಬಾರದು, ಐವತ್ತಕ್ಕೆ ಬೆನ್ನು ನೆಟ್ಟಗಾಗದು. ಇಪ್ಪತ್ತಾರು ವರ್ಷದ ಹಿಂದೆ ದೂರದ ನದಿಯಿಂದ ಕೊಳವೆ ಬಂತು. ಇನ್ನು ಯಾವ ಗೊಡವೆಯೂ ಬೇಡ ಅಂತ ಆ ನೀರನ್ನೂ ಸೂಕ್ಷ್ಮವಾದ ಜರಡಿಯಲ್ಲಿ ಸೋಸಿ, ಒಳ್ಳೆಯದು ಕೆಟ್ಟದ್ದು ಎಲ್ಲ ತೆಗೆದು ಕಳಿಸಿದರು. ಬೋರ್‌ವೆಲ್‌ಗಳಿಗೆ ಕೆಂಪು ಬಣ್ಣ ಬಳಿದು, ಕೈಪಂಪುಗಳ ಹಿಡಿ ಕಿತ್ತುಹಾಕಿದರು. ಊರಿಗೆ ಊರೇ ಸಿಹಿ ಹಂಚಿತು.

ಆಮೇಲೆ ಶುರುವಾಯಿತು ಹುಳುಕು. ಹಲ್ಲಿನ ಮೇಲ್ಪದರ ದಿನಾ ಒಂದಿಷ್ಟು ಕರಗುತ್ತದೆ, ದಿನಾ ಒಂದಿಷ್ಟು ಕಟ್ಟಿಕೊಳ್ಳುತ್ತದೆ. ಕಟ್ಟುವಾಗ ಚಿಟಿಕೆ ಫ್ಲೋರೈಡ್ ಸಿಕ್ಕರೆ ಗಟ್ಟಿ, ಸಿಗದಿದ್ದರೆ ಮೆದು. ಮಿಠಾಯಿ ಅಂಗಡಿಗಳು ಹೆಚ್ಚಿದ ಊರಿನಲ್ಲಿ ಮೆದು ಹಲ್ಲು ಎಷ್ಟು ದಿನ ಬಾಳೀತು? ಐದು ವರ್ಷದ ಮಕ್ಕಳು ದವಡೆ ಹಿಡಿದು ಅಳುವುದು ಮನೆ ಮನೆಯ ಕತೆಯಾಯಿತು. ಒಂದು ಕಾಲದಲ್ಲಿ ಬೈದು ಓಡಿಸಿದವನನ್ನೇ ಈಗ ಕರೆದು ಮಣೆ ಹಾಕಬೇಕಾಗಿ ಬಂದಿತ್ತು.

ಆ ಮಣೆ ಹಾಕುವ ಕೆಲಸ ಹಂಸವೇಣಿಯದು. ನೀರಿನ ಮನೆಯ ಬೆಳಗಿನ ಪಾಳಿಯ ಆಪರೇಟರ್, ಮೂವತ್ತಾರು ವರ್ಷ. ಹಿಂದಿನ ಸೋಮವಾರ, ಅಂದರೆ ಒಲೆ ಹಚ್ಚಲು ಸರಿಯಾಗಿ ಏಳು ದಿನ ಇರುವಾಗ, ನಕ್ಷೆಯ ಚುಕ್ಕಿಗಳು ಮೊದಲ ಸಲ ಬೆಳಗಿದ ದಿನ, ಅವಳು ನಕ್ಷೆಯ ಮುಂದೆ ಟೀ ಲೋಟ ಹಿಡಿದು ನಿಂತವಳು ಹಾಗೇ ನಿಂತುಬಿಟ್ಟಳು.

"ಸಾರ್, ಸ್ವಲ್ಪ ಬನ್ನಿ ಇಲ್ಲಿ."

ನಜೀರ್ ಸಾಹೇಬರು ನೀರಿನ ಮನೆಯ ಎಂಜಿನಿಯರು. ನಿವೃತ್ತಿಗೆ ಎಂಟು ತಿಂಗಳಿತ್ತು. ಕನ್ನಡಕ ಹಣೆಗೇರಿಸಿ ನೋಡಿದರು. ಊರೆಲ್ಲ ಬಿಳಿ ಚುಕ್ಕಿ, ಅದು ಸರಿ. ನಡುವೆ ಬಳೆಗಾರರ ಬೀದಿ ಮಾತ್ರ ಹಸಿರು. ಹತ್ತೊಂಬತ್ತು ಚುಕ್ಕಿ, ಹತ್ತೊಂಬತ್ತೂ ಹಸಿರು.

"ಅರೆ! ಇನ್ನೂ ಹಾಕೇ ಇಲ್ಲ, ಆಗ್ಲೇ ಹಸಿರಾ? ಬಾಣಸಿಗನಿಗೆ ಕನಸು ಗಿನಸು ಬಿತ್ತೇನಮ್ಮ?"

"ಯಂತ್ರ ಸರಿಯಾಗಿದೆ ಸಾರ್. ನಲ್ಲಿ ನೀರಲ್ಲಿ ಸೊನ್ನೆ ಅಂತಾನೇ ತೋರಿಸ್ತಿದೆ. ಮಕ್ಕಳ ಬಾಯಲ್ಲಿ ಮಾತ್ರ ಹದವಾಗಿದೆ."

"ಒಳ್ಳೇದೇ ಆಯ್ತಲ್ಲ."

"ಒಳ್ಳೇದಾ ಸಾರ್? ಎಲ್ಲಿಂದಲೋ ಅಷ್ಟು ಬರ್ತಿದೆ. ಸೋಮವಾರ ನಾವೂ ಅಷ್ಟೇ ಹಾಕಿದ್ರೆ ಎರಡರಷ್ಟಾಗಲ್ವಾ? ಆ ಬೀದಿಗೆ ಮಾತ್ರ ಕಡಿಮೆ ಹಾಕೋಣ ಅಂದ್ರೆ ಅರ್ಧ ಊರಿಗೆಲ್ಲ ಒಂದೇ ಕೊಳವೆ."

ಸಾಹೇಬರ ನಗು ನಿಂತಿತು. ಎಂಟು ವರ್ಷದೊಳಗಿನ ಮಕ್ಕಳಿಗೆ ಹಾಲುಹಲ್ಲಿನ ಹಿಂದೆ, ವಸಡಿನೊಳಗೆ, ಮುಂದಿನ ಹಲ್ಲುಗಳು ತಯಾರಾಗುತ್ತಿರುತ್ತವೆ. ಆಗ ಹೆಚ್ಚಾದರೆ ಬೀಳುವ ಕಲೆ ಜನ್ಮಕ್ಕೂ ಹೋಗುವುದಿಲ್ಲ. ಆ ಹತ್ತೊಂಬತ್ತು ಚುಕ್ಕಿಗಳಲ್ಲಿ ಒಂದು ಇಂಚರ. ಹಂಸವೇಣಿಯ ಮಗಳು, ನಾಲ್ಕು ವರ್ಷದವಳು. ಬಳೆಗಾರರ ಬೀದಿಯ ಕೊನೆಯ ಮನೆಯೇ ಹಂಸವೇಣಿಯದು.

ಇಲ್ಲಿ ಒಂದು ಮಾತು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಹಂಸವೇಣಿ ಯಾರೆದುರೂ ಬಾಯಿ ಬಿಟ್ಟು ನಕ್ಕವಳಲ್ಲ. ಪಕ್ಕದ ಹಳ್ಳಿಯಲ್ಲಿ ಹುಟ್ಟಿದವಳು, ಬೋರ್‌ವೆಲ್ ನೀರು ಕುಡಿದು ಬೆಳೆದ ಕೊನೆಯ ತಂಡದವಳು. ಅವಳಿಗಿಂತ ಹತ್ತು ವರ್ಷ ಚಿಕ್ಕವಳಾದ ತಂಗಿಯ ಹಲ್ಲು ಮಲ್ಲಿಗೆ ಮೊಗ್ಗು. ಇವಳದು ಕಂದು, ಅಂಚಿನಲ್ಲಿ ಕಪ್ಪು. ಪೇಟೆಯ ಹೈಸ್ಕೂಲಿನಲ್ಲಿ ಹುಡುಗಿಯರು 'ತುಕ್ಕು' ಅಂತ ಕರೆಯುತ್ತಿದ್ದರು. ಗಂಡಿನವರು ನೋಡಲು ಬಂದ ದಿನ ಅವಳ ತಾಯಿ ಸೆರಗು ಸರಿಮಾಡುತ್ತಾ, "ನಗು ಬಂದ್ರೆ ಬಾಯಿ ಮುಚ್ಕೊಂಡು ನಗು ಕಣೆ" ಅಂದಿದ್ದಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಅವಳು ಅದೇ ಮಾತನ್ನು ಪಾಲಿಸುತ್ತಿದ್ದಳು. ನಗು ಬಂದರೆ ಎಡಗೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಇಂಚರ ಹುಟ್ಟಿದ ದಿನ ಮಗುವಿನ ಬೊಚ್ಚುಬಾಯಿ ನೋಡಿ ಅವಳು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದಳು, ಇವಳು ಬಾಯಿ ತುಂಬ ನಗಬೇಕು ಅಂತ.

ಆ ಸಂಜೆ ಮನೆಗೆ ಹೋದರೆ ಅತ್ತೆ ಓಬಳಮ್ಮ ಅಡುಗೆಮನೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತು ಕಾಫಿ ಸೋಸುತ್ತಿದ್ದಳು. ಅವಳ ಮಂಡಿಗಳು ಮಡಿಸಲು ಬಾರದೆ ಬಹಳ ವರ್ಷವಾಗಿತ್ತು. ಗಂಡ ತಿಪ್ಪೇಶ ಬಸ್ ಡ್ರೈವರು, ವಾರಕ್ಕೆರಡು ದಿನ ಮನೆ ಕಂಡರೆ ಹೆಚ್ಚು. ಮನೆ ಅಂದರೆ ಈ ಮೂವರೇ.

"ಯಾಕೆ ಹಂಸ, ಮಕ ಸಪ್ಪಗೈತೆ? ತಗಾ, ಒಂದು ಗುಟುಕು ಕುಡಿ, ಸರಿಹೋಯ್ತದೆ."

ಹಂಸವೇಣಿ ಕುಡಿದಳು. ನಿಜಕ್ಕೂ ಸರಿಹೋಯಿತು. ನೀರಿನ ಮನೆಯ ಟೀ, ಬಸ್‌ಸ್ಟ್ಯಾಂಡಿನ ಕಾಫಿ ಯಾವುದಕ್ಕೂ ಇಲ್ಲದ ರುಚಿ ಇದಕ್ಕಿತ್ತು. "ನಿಮ್ಮ ಕೈಗುಣಾನೇ ಗುಣ ಅತ್ತೆ" ಅಂದಳು.

"ಹೂಂ, ಕೈಗುಣ" ಅಂದಳು ಓಬಳಮ್ಮ, ಸೊಸೆಯ ಮುಖ ನೋಡದೆ.

ಮರುದಿನದಿಂದ ಹಂಸವೇಣಿ ಪಾಳಿ ಮುಗಿಸಿ ಬೀದಿ ಬೀದಿ ಅಲೆದಳು. ಬೀದಿ ಬೀದಿ ಎಲ್ಲಿಯದು, ಒಂದೇ ಬೀದಿ. ಆದರೆ ಹತ್ತು ಸಲ. ಮನೆ ಮನೆಯ ನಲ್ಲಿಯಿಂದ ಬಾಟಲಿಯಲ್ಲಿ ನೀರು ಹಿಡಿದಳು. ಟೂತ್‌ಪೇಸ್ಟು, ಟೀಪುಡಿ, ರಾಗಿಹಿಟ್ಟು, ಮಕ್ಕಳು ಚೀಪುವ ಮಿಠಾಯಿ, ಒಂದನ್ನೂ ಬಿಡಲಿಲ್ಲ. ಹೆಂಗಸರು ಎಂದೂ ಇಲ್ಲದ ಉಪಚಾರ ಮಾಡಿದರು. "ನಲ್ಲಿ ನೀರು ತಾನೇನಮ್ಮ? ತಗಾ ತಗಾ, ಧಾರಾಳವಾಗಿ ತಗಾ" ಅಂತ ಬಾಟಲಿ ತಾವೇ ತುಂಬಿಸಿಕೊಟ್ಟರು. ಎದುರುಮನೆಯ ಗಂಗಮ್ಮನಂತೂ ಒಂದರ ಬದಲು ಮೂರು ಬಾಟಲಿ ಕೊಟ್ಟಳು. ಇಷ್ಟು ಸಂಭ್ರಮ ಯಾಕೆ ಅಂತ ಹಂಸವೇಣಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮಾದರಿಯನ್ನು ನಲ್ಲಿಯಿಂದಲೇ ಹಿಡಿಯಬೇಕು ಅಂತ ನಿಯಮದ ಪುಸ್ತಕದಲ್ಲಿತ್ತು, ಅವಳು ನಲ್ಲಿಯಿಂದಲೇ ಹಿಡಿದಳು. ಇನ್ನು ತನ್ನ ಮನೆಯ ನೀರನ್ನು ಅವಳು ನೋಡಲೇ ಇಲ್ಲ. ನಮ್ಮನೇದು ಗೊತ್ತಿರೋದೇ ತಾನೇ, ಅಂದುಕೊಂಡಳು.

ಶುಕ್ರವಾರದ ಹೊತ್ತಿಗೆ ಎಲ್ಲದರ ಫಲಿತಾಂಶ ಬಂತು. ಎಲ್ಲಾ ಸೊನ್ನೆ. ಚುಕ್ಕಿಗಳು ಮಾತ್ರ ಹಸಿರಾಗಿ ಹೊಳೆಯುತ್ತಲೇ ಇದ್ದವು.

"ತಲೆ ಕೆಟ್ಟು ಗೊಬ್ಬರ ಆಗಿದೆ ಸಾರ್."

"ಕಾರಣ ಸಿಗದೆ ಆದೇಶ ನಿಲ್ಲಿಸೋಕಾಗಲ್ಲಮ್ಮ. ಬೇರೆ ಬೀದಿಗಳಲ್ಲಿ ನಾನೂರು ಮಕ್ಕಳು ಹುಳುಕು ಹಲ್ಲು ಇಟ್ಕೊಂಡು ಕಾಯ್ತಿದಾರೆ" ಅಂದರು ಸಾಹೇಬರು. ಅದೂ ಸುಳ್ಳಲ್ಲ. ಗಂಗಮ್ಮನ ತವರಿನ ಬೀದಿಯಲ್ಲಿ ಆರು ವರ್ಷದ ಹುಡುಗಿಗೆ ನಾಲ್ಕು ಹಲ್ಲು ಕಿತ್ತಿದ್ದರು. 

ಶನಿವಾರ ಅವಳು ಪಾಳಿಯ ನಡುವೆಯೇ ಹೊರಟಳು. ಮತ್ತೊಮ್ಮೆ ನೋಡೋಣ, ಏನಾದರೂ ಬಿಟ್ಟುಹೋಗಿರಬಹುದು ಅಂತ. ಬೆಳಿಗ್ಗೆ ಹತ್ತು ಗಂಟೆ. ಕೆಲಸದ ದಿನ ಆ ಹೊತ್ತಿನಲ್ಲಿ ಅವಳು ಬೀದಿಯಲ್ಲಿ ಕಾಲಿಟ್ಟದ್ದೇ ಇಲ್ಲ. ಐದೂವರೆಗೆ ಹೋದರೆ ಬರುವುದು ಮಧ್ಯಾಹ್ನ ಮೂರರ ಮೇಲೆ. ಬೀದಿ ಖಾಲಿ ಹೊಡೆಯುತ್ತಿತ್ತು. ಮನೆಗಳ ಬಾಗಿಲೆಲ್ಲ ತೆರೆದಿದ್ದವು, ಒಳಗೆ ಯಾರೂ ಇಲ್ಲ. ಹಿತ್ತಲ ಕಡೆಯಿಂದ ಒಂದು ಸದ್ದು ಬಂತು.

ಕೀಂಯ್... ಕೊಟಕ್. ಕೀಂಯ್... ಕೊಟಕ್.

ಹಂಸವೇಣಿ ಬಾಲ್ಯದಲ್ಲಿ ದಿನಾ ಕೇಳಿದ ಸದ್ದು, ಕೈಪಂಪು ಹೊಡೆಯುವ ಸದ್ದು. ಓಡಿದಳು. ತನ್ನ ಮನೆಯ ಹಿಂದಿನ ಹುಣಸೆಮರದ ಕೆಳಗೆ ಕೆಂಪು ಬಣ್ಣ ಬಳಿದ ಹಳೆಯ ಬೋರ್‌ವೆಲ್. ಹಿಡಿ ಇಲ್ಲದೆ ಇಪ್ಪತ್ತಾರು ವರ್ಷದಿಂದ ಮೂಕವಾಗಿದೆ ಅಂತ ಅವಳು ನಂಬಿದ್ದ ಆ ಪಂಪಿಗೆ ಈಗ ಹಿಡಿ ಬಂದಿತ್ತು. ಗಂಗಮ್ಮ ಹೊಡೆಯುತ್ತಿದ್ದಳು. ಬೀದಿಯ ಹೆಂಗಸರೆಲ್ಲ ಕೈಯಲ್ಲಿ ಒಂದೊಂದು ಚೊಂಬು ಹಿಡಿದು ಸಾಲಾಗಿ ನಿಂತಿದ್ದರು. ಪಕ್ಕದ ಕಲ್ಲಿನ ಮೇಲೆ, ಮಡಿಸಲಾರದ ಕಾಲು ಮುಂದೆ ಚಾಚಿ, ಊರುಗೋಲು ಹಿಡಿದು ಕುಳಿತಿದ್ದವಳು ಓಬಳಮ್ಮ.

"ಇನ್ನೊಂದು ಅರ್ಧ ಹಾಕೇ ಗಂಗೂ, ನೆಂಟರು ಬಂದವ್ರೆ" ಅಂತ ಯಾರೋ ಕೇಳುತ್ತಿದ್ದರು.

"ನೆಂಟ್ರು ಬಂದ್ರೆ ಬಿಂದಿಗೇನೂ ಜಾಸ್ತಿ ಆಯ್ತದಾ?" ಅಂತ ಓಬಳಮ್ಮ ಗದರಿದಳು. "ಬಿಂದಿಗೆಗೊಂದು ಚೊಂಬು. ಒಂದು ತೊಟ್ಟು ಜಾಸ್ತಿ ಹಾಕಿದ್ರೆ ನನ್ ಮಂಡಿ ನೋಡ್ಕಳ್ಳಿ."

ಅಷ್ಟರಲ್ಲಿ ಗಂಗಮ್ಮ ತಲೆ ಎತ್ತಿದಳು. ಪಂಪು ನಿಂತಿತು. ಸಾಲಿನಲ್ಲಿದ್ದವರೆಲ್ಲ ಇಂಗು ತಿಂದ ಮಂಗನಂತಾದರು. ಇಡೀ ಬೀದಿಗೆ ಗೊತ್ತಿದ್ದು, ನೀರಿನ ಮನೆಯವಳು ಅನ್ನುವ ಕಾರಣಕ್ಕೆ ಅವಳೊಬ್ಬಳಿಗೆ ಗೊತ್ತಿಲ್ಲದ ಗುಟ್ಟು ಅದು.

"ಅತ್ತೆ!" ಹಂಸವೇಣಿ ಸಾಲು ಸೀಳಿ ಮುಂದೆ ಬಂದಳು. "ಈ ನೀರನ್ನ ನನ್ನ ಮಗಳಿಗೆ ಕುಡಿಸ್ತಿದ್ದೀರಾ?"

ಒಬ್ಬೊಬ್ಬರಾಗಿ ಹೆಂಗಸರು ಜಾರಿಕೊಂಡರು. ಓಬಳಮ್ಮ ಕುಳಿತಲ್ಲೇ ಕುಳಿತಿದ್ದಳು.

"ಎಷ್ಟು ವರ್ಷದಿಂದ?"

"ಹೊಸ ನೀರು ಬಂದಾಗಿಂದ."

"ನಿಮ್ಮ ಕಾಲು ಹಿಂಗಾಗಿದ್ದು ಇದರಿಂದ. ನನ್ನ... ನನ್ನ ಬಾಯಿ ಹಿಂಗಾಗಿದ್ದು ಇದರಿಂದ. ಗೊತ್ತಿದ್ದೂ ಗೊತ್ತಿದ್ದೂ ಮಗುಗೆ ಹಾಕಿದ್ರಲ್ಲ ಅತ್ತೆ! ಅಜ್ಜಿಯಾ ನೀವು?"

ಆ ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೆ ಕಸಿವಿಸಿಯಾಯಿತು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅತ್ತೆಯ ಎದುರು ದನಿ ಎತ್ತಿದವಳಲ್ಲ. ಓಬಳಮ್ಮನ ಮುಖ ಬಾಡಿತು. ಆದರೂ ಅವಳು ನಿಧಾನವಾಗಿಯೇ ಹೇಳಿದಳು.

"ಬೈಯಿ, ಬೈಸ್ಕತೀನಿ. ಆಮ್ಯಾಕೆ ಕೇಳು. ಹೊಸ ನೀರು ಬಂತು. ಕುಡುದ್ರೆ ಗಂಟಲಿಗೆ ಇಳೀತಿರಲಿಲ್ಲ ಕಣೆ, ಅಷ್ಟು ಸಪ್ಪೆ. ನಮ್ಮಲ್ಲಿ ನೀರು ಕೂಡ್ಸೋ ಪದ್ಧತಿ ಐತೆ. ಹೊಸ ಬಾವಿ ತೋಡಿದ್ರೆ ಹಳೇ ಬಾವಿ ನೀರು ಒಂದು ಚೊಂಬು ಹಾಕ್ದೆ ಕುಡಿತಿರಲಿಲ್ಲ ನಮ್ಮಮ್ಮ. ಹಾಲಿಗೆ ಹೆಪ್ಪು ಹಾಕ್ದಂಗೆ. ಹಂಗೆ ನಾವೂ ಕೂಡ್ಸಿದ್ವಿ. ಹಿಡಿ ಕಿತ್ತೋರು ಇಲ್ಲೇ ಬಿಸಾಕಿ ಹೋಗಿದ್ರು, ತಂದು ರಾಗಿ ಡ್ರಮ್ಮಲ್ಲಿ ಬಚ್ಚಿಟ್ಟೆ."

"ರುಚಿಗೋಸ್ಕರ ಮಕ್ಕಳ ಹಲ್ಲು..."

"ತಡಿಯೇ. ಮದ್ಲು ಬಿಂದಿಗೆಗೆ ಮೂರು ಚೊಂಬು ಹಾಕ್ತಿದ್ವಿ. ಈ ಗಂಗೂನ ಅಕ್ಕನ ಮಗೀಗೆ ಹಲ್ಲು ಬಂದ್ವು, ಕಂದು. ಎರಡಕ್ಕಿಳಿಸ್ದೆ. ಮುಂದೆ ಹುಟ್ಟಿದ ಮಕ್ಕಳಿಗೆ ಕಂದು ಹೋಯ್ತು, ಸುಣ್ಣದ ಗೀಟು ಎಳ್ದಂಗೆ ಬಂತು. ಒಂದಕ್ಕಿಳಿಸ್ದೆ. ಗೀಟೂ ಹೋಯ್ತು. ಹಂಗಾರೆ ಪೂರ್ತಿ ಬಿಡಾನ ಅಂತ ಒಂದೆರಡು ವರ್ಷ ಬಿಟ್ಟೆ, ನಿಜ ಹೇಳ್ತೀನಿ. ಬಿಟ್ಟಾಗ ಬೆಳೆದ ಮಕ್ಕಳಿಗೆಲ್ಲ ಹುಳುಕು. ಮತ್ತೆ ಒಂದು ಶುರು ಮಾಡ್ದೆ. ಇಪ್ಪತ್ತಾರು ವರ್ಷ ಈ ಬೀದಿ ಮಕ್ಕಳ ಬಾಯಿ ತೆಗೆಸಿ ನೋಡೀನಿ ಹಂಸ. ನಿನ್ ಮಗಳ ಬಾಯಿ ನೋಡ್ದೆ ಹಾಕ್ತೀನಾ?"

ಹಂಸವೇಣಿ ಚೀಲದಿಂದ ಫ್ಲೋರೈಡ್ ತೋರಿಸುವ ಅಳತೆಕಡ್ಡಿ ತೆಗೆದು ಮನೆಯೊಳಗೆ ಹೋದಳು. ಅಡುಗೆಮನೆಯ ಮೂಲೆಯಲ್ಲಿ ತಾಮ್ರದ ಬಿಂದಿಗೆ, ಮೇಲೊಂದು ತಟ್ಟೆ. ತಟ್ಟೆ ಸರಿಸಿ ಕಡ್ಡಿ ಅದ್ದಿದಳು. ಅಂಕೆ ಮೂಡಿತು: ಸೊನ್ನೆ ಬಿಂದು ಏಳು. ಇನ್ನೊಮ್ಮೆ ಅದ್ದಿದಳು. ಅದೇ. ಒಂಬತ್ತು ಚೊಂಬು ಸಪ್ಪೆ ನೀರು, ಒಂದು ಚೊಂಬು ಬೋರ್‌ವೆಲ್ ನೀರು. ಏಳರ ಹತ್ತನೇ ಒಂದು ಭಾಗ. ಹತ್ತಾರು ವಿಜ್ಞಾನಿಗಳು ಸೇರಿ ತಲುಪಿದ ಅಂಕೆಗೆ ಅವಳ ಅತ್ತೆ ಚೊಂಬು ಹಿಡಿದು ತಲುಪಿದ್ದಳು. ಹಂಸವೇಣಿ ಬಿಂದಿಗೆಯ ಪಕ್ಕ ನೆಲದ ಮೇಲೆ ಕುಳಿತು ಅತ್ತಳು. ಸಿಟ್ಟಿಗೋ, ಸಮಾಧಾನಕ್ಕೋ, ಆಡಿದ ಮಾತಿನ ನಾಚಿಕೆಗೋ, ಅವಳಿಗೇ ಗೊತ್ತಾಗಲಿಲ್ಲ.

ಊರುಗೋಲು ಊರುತ್ತಾ ಓಬಳಮ್ಮ ಬಂದು ಬಾಗಿಲಲ್ಲಿ ನಿಂತಳು.

"ತಪ್ಪಾಯ್ತು ಅತ್ತೆ. ಹಂಗೆ ಅನ್ನಬಾರದಿತ್ತು."

"ಮಗೀಗಾಗಿ ಅಂದೆ. ಅನ್ನದಿದ್ರೆ ನೀನು ಎಂಥಾ ತಾಯಿ? ಬಿಡತ್ಲಾಗೆ."

"ಆದ್ರೆ ಸೋಮವಾರದಿಂದ ನಲ್ಲೀಲೇ ಬರುತ್ತೆ. ಅದರ ಮೇಲೆ ನಿಮ್ಮ ಚೊಂಬೂ ಬಿದ್ರೆ ಮತ್ತೆ ಸುಣ್ಣದ ಗೀಟು, ಆಮೇಲೆ ಕಂದು. ನಿಲ್ಲಿಸಲೇಬೇಕು."

"ನಾನು ನಿಲ್ಲುಸ್ತೀನಿ. ನೀನು ಹೇಳಿದ್ಮ್ಯಾಲೆ ಮುಗೀತು" ಅಂದಳು ಓಬಳಮ್ಮ. "ಬೀದಿಯೋರು? ಅವರ ನಾಲಿಗೆಗೆ ಯಾರು ಹೇಳ್ತೀರಿ? ನೀರು ಸಪ್ಪೆ ಇರೋಗಂಟ ಕೂಡುಸ್ತಾನೇ ಇರ್ತಾರೆ. ಈ ಹಿಡಿ ಕಿತ್ಕಂಡ್ರೆ ಬೆಟ್ಟದ ತಾವ ಇನ್ನೊಂದು ಬೋರೈತೆ. ಅಲ್ಲಿ ಕುಂತ್ಕಂಡು ಒಂದೇ ಚೊಂಬು ಅಂತ ಗದರೋಳು ಯಾರು?"

ಹಂಸವೇಣಿ ಕಣ್ಣೊರೆಸಿಕೊಂಡು ಅತ್ತೆಯನ್ನೇ ನೋಡಿದಳು. ಒಂದು ವಾರದಿಂದ ಅವಳು ಹುಡುಕುತ್ತಿದ್ದುದು ಆ ಪ್ರಶ್ನೆಯಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ನೀರಿನ ಮನೆಗೆ ಒಂದು ಆಟೋ ಬಂತು. ಅದರಿಂದ ಮೊದಲು ಊರುಗೋಲು, ಆಮೇಲೆ ಓಬಳಮ್ಮ, ಆಮೇಲೆ ಇಂಚರ ಇಳಿದರು. ರಜಾ ದಿನ ಕರೆಸಿದ್ದಕ್ಕೆ ಮುಖ ಊದಿಸಿಕೊಂಡಿದ್ದ ನಜೀರ್ ಸಾಹೇಬರು ಹಂಸವೇಣಿ ಹೇಳಿದ್ದನ್ನೆಲ್ಲ ಕೇಳಿ, ಎದ್ದು ಹೋಗಿ ಓಬಳಮ್ಮನಿಗೆ ತಾವೇ ಕುರ್ಚಿ ತಂದು ಹಾಕಿದರು.

ಮೇಜಿನ ಮೇಲೆ ಮೂರು ಲೋಟ. ಒಂದರಲ್ಲಿ ಈಗಿನ ನಲ್ಲಿ ನೀರು. ಎರಡನೆಯದರಲ್ಲಿ ಅದೇ ನೀರಿಗೆ ಮೂಟೆಯ ಪುಡಿ ಹದವಾಗಿ ಬೆರೆಸಿದ್ದು. ಮೂರನೆಯದರಲ್ಲಿ ಒಂಬತ್ತಕ್ಕೊಂದರಂತೆ ಬೋರ್‌ವೆಲ್ ನೀರು ಕೂಡಿಸಿದ್ದು. ಯಾವುದು ಯಾವುದೆಂದು ಓಬಳಮ್ಮನಿಗೆ ಹೇಳಿರಲಿಲ್ಲ.

ಓಬಳಮ್ಮ ಮೊದಲನೆಯದನ್ನು ಗುಟುಕರಿಸಿ ಮೂಗು ಮುರಿದಳು. ಎರಡನೆಯದನ್ನು ಗುಟುಕರಿಸಿ, "ಇದೂ ಅದೇ ಅಲ್ವಾ? ಒಂದನ್ನೇ ಎಲ್ಡು ಸಲ ಕೊಟ್ಟು ನನ್ನ ಆಟ ಆಡುಸ್ತೀರಾ ಸಾಯೇಬ್ರೆ?" ಅಂದಳು. ಮೂರನೆಯದನ್ನು ಕುಡಿದಳು. ನಿಲ್ಲಿಸದೆ ಲೋಟ ಖಾಲಿ ಮಾಡಿ ಕೆಳಗಿಟ್ಟಳು. "ಇದು ನೀರು."

"ನೋಡಿದ್ರಾ ಸಾರ್?" ಅಂದಳು ಹಂಸವೇಣಿ. "ಎರಡನೇದ್ರಲ್ಲೂ ಮೂರನೇದ್ರಲ್ಲೂ ಫ್ಲೋರೈಡ್ ಒಂದೇ. ಇಷ್ಟು ಕಡಿಮೆ ಇದ್ರೆ ಅದಕ್ಕೆ ರುಚೀನೇ ಇಲ್ಲ. ಬಂಡೆಯಿಂದ ಅದರ ಜೊತೆ ಬರೋ ಬೇರೆ ಲವಣಗಳಿಗೆ ರುಚಿ. ಪುಡಿ ಹಾಕಿದ್ರೆ ನೀರು ಸಪ್ಪೆಯಾಗೇ ಇರುತ್ತೆ, ಜನ ಚೊಂಬು ಬಿಡಲ್ಲ, ಮಕ್ಕಳಿಗೆ ಎರಡರಷ್ಟಾಗುತ್ತೆ. ಬೋರ್‌ವೆಲ್ ನೀರನ್ನೇ ನಾವು ಇಲ್ಲಿ ಹದವಾಗಿ ಕೂಡಿಸಿ ಕಳಿಸಿದ್ರೆ, ಮನೇಲಿ ಕೂಡಿಸೋಕೆ ಕಾರಣಾನೇ ಇರಲ್ಲ."

ಸಾಹೇಬರು ಗಡ್ಡ ನೀವಿಕೊಂಡರು. ಆಮೇಲೆ ಮೇಲಿನ ಕಚೇರಿಗೆ ಕರೆ ಮಾಡಿದರು. ಪರದೆಯ ಮೇಲೆ ಮೂಡಿದ ಅಧಿಕಾರಿ ಹೌಹಾರಿದರು. "ಕೆಂಪು ಬಣ್ಣ ಬಳಿದ ಬೋರ್‌ವೆಲ್ ನೀರನ್ನ ಜನಕ್ಕೆ ಕುಡಿಸ್ತೀರೇನ್ರಿ? ಹುಚ್ಚು ಹಿಡಿದಿದ್ಯಾ? ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

"ನಾನು" ಅಂದರು ನಜೀರ್ ಸಾಹೇಬರು. "ಬರೆದುಕೊಡ್ತೀನಿ ಸಾರ್. ಹದಿನೈದು ದಿನ ಮುಂದಕ್ಕೆ ಹಾಕಿ. ಬೋರ್‌ವೆಲ್ ತೊಳೆಸ್ತೀನಿ, ಬೇರೆ ಏನೇನು ಕೆಟ್ಟದ್ದಿದೆಯೋ ಎಲ್ಲಾ ಪರೀಕ್ಷೆ ಮಾಡಿಸ್ತೀನಿ. ಒಂದು ತಿಂಗಳು ಮಕ್ಕಳ ಚುಕ್ಕಿ ನೋಡೋಣ. ಒಂದೇ ಒಂದು ಹಳದಿ ಕಂಡ್ರೂ ನಿಲ್ಲಿಸಿ, ನಿಮ್ಮ ಪುಡೀನೇ ಹಾಕ್ತೀನಿ. ನನ್ನ ಮೇಲೆ ಏನು ಕ್ರಮ ಬೇಕಾದ್ರೂ ತಗೊಳ್ಳಿ."

ನಿವೃತ್ತಿಗೆ ಎಂಟು ತಿಂಗಳಿರುವವರು ಆಡುವ ಮಾತಲ್ಲ ಅದು. ಅಧಿಕಾರಿ ಗೊಣಗುತ್ತಾ ಒಪ್ಪಿದರು. ಪರದೆ ಆರಿದ ಮೇಲೆ ಹಂಸವೇಣಿ ಕೈ ಮುಗಿದಳು. ಸಾಹೇಬರು ಕೈ ಬೀಸಿ, "ನಮ್ಮಮ್ಮಾನೂ ಕೋಲು ಊರ್ಕೊಂಡೇ ನಡೀತಿದ್ದಿದ್ದು ಕಣಮ್ಮ, ಇದೇ ನೀರಿಂದ" ಅಂದು ಮೂಟೆಗಳನ್ನು ಬದಿಗೆ ಸರಿಸಲು ಹೇಳಿದರು.

ಹದಿನೈದು ದಿನ ಹೇಗೆ ಕಳೆಯಿತೋ. ಊರಾಚೆಯ ನಾಲ್ಕು ದೊಡ್ಡ ಬೋರ್‌ವೆಲ್‌ಗಳಿಗೆ ಮೋಟಾರು ಇಳಿಸಿದರು. ಆ ನೀರನ್ನು ಕ್ರಿಮಿ ಸಾಯಿಸುವ ಬೆಳಕಿನಲ್ಲಿ ಹಾಯಿಸಿ ಬಾಣಸಿಗನ ಕೈಗೊಪ್ಪಿಸಿದರು. ಒಂಬತ್ತಕ್ಕೊಂದು, ಅದರ ಮೇಲೆ ಚುಕ್ಕಿ ನೋಡಿಕೊಂಡು ಚೂರು ಹೆಚ್ಚು, ಚೂರು ಕಡಿಮೆ. ಕವಾಟ ತಿರುಗಿಸುವ ದಿನ ಓಬಳಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಕೈಪಂಪಿನ ಹಿಡಿ ತಂದಳು. ಎಣ್ಣೆ ಹಚ್ಚಿ ಒರೆಸಿದ್ದಳು. ಸಾಹೇಬರಿಗೆ ಕೊಡುವಾಗ ಅವಳ ಕೈ ಒಂದು ಗಳಿಗೆ ತಡೆಯಿತು.

"ಒಂದೇ ಚೊಂಬು ಸಾಯೇಬ್ರೆ. ನಿಮ್ ಯಂತ್ರಕ್ಕೆ ಹೇಳಿ. ಆಸೆ ಬೀಳಬಾರದು."

"ಹೇಳಿದೀನಮ್ಮ" ಅಂದರು ಸಾಹೇಬರು ಗಂಭೀರವಾಗಿ, ಹಿಡಿಯನ್ನು ನಕ್ಷೆಯ ಪಕ್ಕದ ಮೊಳೆಗೆ ತೂಗುಹಾಕುತ್ತಾ.

ದಿನಾ ಬೆಳಿಗ್ಗೆ ಹಂಸವೇಣಿ ಮೊದಲು ನಕ್ಷೆ ನೋಡುತ್ತಿದ್ದಳು. ಬಿಳಿ ಚುಕ್ಕಿಗಳು ಒಂದೊಂದಾಗಿ ಹಸಿರಾದವು. ಬಳೆಗಾರರ ಬೀದಿ ಹಸಿರಾಗಿದ್ದದ್ದು ಹಸಿರಾಗಿಯೇ ಉಳಿಯಿತು. ಹಳದಿ ಒಂದೂ ಇಲ್ಲ. ಆದರೂ ಅವಳಿಗೆ ಒಳಗೊಳಗೇ ಅಳುಕು. ಇಪ್ಪತ್ತಾರು ವರ್ಷದ ಅಭ್ಯಾಸ ಹಿಡಿ ಕೊಟ್ಟಷ್ಟು ಸುಲಭಕ್ಕೆ ಬಿಟ್ಟುಹೋಗುತ್ತದೆಯೇ? ತಿಂಗಳು ತುಂಬಲು ಎರಡು ದಿನ ಇರುವಾಗ ಆ ಅಳುಕು ತಡೆಯಲಾರದೆ, ಹತ್ತು ಗಂಟೆಗೆ ಹೇಳದೆ ಕೇಳದೆ ಮನೆಗೆ ಬಂದಳು.

ಬೀದಿಯಲ್ಲಿ ಪಂಪಿನ ಸದ್ದಿಲ್ಲ. ಗಂಗಮ್ಮ ಜಗುಲಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಹಂಸವೇಣಿ ಚಪ್ಪಲಿ ಸದ್ದು ಮಾಡದೆ ಬಿಟ್ಟು ಒಳಗೆ ಹೋದಳು. ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಓಬಳಮ್ಮ ಬಿಂದಿಗೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಅದೇ ಚೊಂಬು. ತುಂಬಿದ ಚೊಂಬು. ಎಂದಿನಂತೆ ಎರಡೂ ಕೈಯಲ್ಲಿ ಹಿಡಿದು, ಹಣೆಯ ಮಟ್ಟಕ್ಕೆತ್ತಿ, ತುಟಿಯಲ್ಲೇ ಏನೋ ಅಂದುಕೊಂಡು ಬಿಂದಿಗೆಗೆ ಸುರಿದಳು.

"ಅತ್ತೆ!"

ಓಬಳಮ್ಮ ಬೆಚ್ಚಿಬಿದ್ದಳು. ಹಂಸವೇಣಿ ನುಗ್ಗಿ ಬಿಂದಿಗೆಗೆ ಅಳತೆಕಡ್ಡಿ ಅದ್ದಿದಳು.  ಅಂಕೆ ಮೂಡಿತು: ಸೊನ್ನೆ ಬಿಂದು ಏಳು. ಚೊಂಬು ಕಿತ್ತುಕೊಂಡು ಅದರ ತಳದಲ್ಲಿ ಉಳಿದಿದ್ದ ನೀರಿಗೆ ಅದ್ದಿದಳು. ಸೊನ್ನೆ ಬಿಂದು ಏಳು.

"ಯಾವ ನೀರು ಅತ್ತೆ ಇದು?"

"ನಲ್ಲೀದು ಕಣೆ" ಅಂದಳು ಓಬಳಮ್ಮ, ಸಿಕ್ಕಿಬಿದ್ದ ಮಗುವಿನ ಹಾಗೆ. "ನಲ್ಲಿ ನೀರ್ನೇ ಚೊಂಬಿಗೆ ಹಿಡಕಂಡು ಬಿಂದಿಗೆಗೆ ಹಾಕ್ತೀನಿ. ಏನ್ ಮಾಡ್ಲಿ? ನಾಲಿಗೆ ಒಪ್ಕಂತು, ಈ ಕೈ ಸುಮ್ಕಿರಲ್ಲ."

"ದಿನಾ?"

"ದಿನಾ. ಗಂಗೂನೂ ಹಂಗೇ ಮಾಡ್ತಾಳೆ. ಬೀದೀಲಿ ಎಲ್ಲಾರೂ ಹಂಗೇ ಮಾಡ್ತಾರೆ. ನಿನಗೆ ಹೇಳ್ಬೇಡಿ ಅಂದಿದ್ದೆ."

ಹಂಸವೇಣಿಗೆ ನಗು ಬಂತು. ಹೊಟ್ಟೆಯ ಆಳದಿಂದ ಬಂತು. ಬಳೆಗಾರರ ಬೀದಿಯ ಮನೆ ಮನೆಯಲ್ಲಿ ನಲ್ಲಿ ನೀರಿಗೆ ನಲ್ಲಿ ನೀರನ್ನೇ ಭಕ್ತಿಯಿಂದ ಕೂಡಿಸುತ್ತಾ, ಅದನ್ನೂ ನೀರಿನ ಮನೆಯವಳಿಗೆ ಗೊತ್ತಾಗದ ಹಾಗೆ ಗುಟ್ಟಾಗಿಟ್ಟಿದ್ದ ಹೆಂಗಸರೆಲ್ಲ ಕಣ್ಣ ಮುಂದೆ ಬಂದರು. ಒಂದೂವರೆ ತಿಂಗಳ ಭಯವೆಲ್ಲ ಆ ನಗುವಿನಲ್ಲಿ ಕೊಚ್ಚಿಹೋಯಿತು. ಒಂದು ಕೈಯಲ್ಲಿ ಅಳತೆಕಡ್ಡಿ, ಇನ್ನೊಂದರಲ್ಲಿ ಚೊಂಬು. ಬಾಯಿ ಮುಚ್ಚಿಕೊಳ್ಳಲು ಕೈ ಇರಲಿಲ್ಲ. ಬಾಯಿ ತೆರೆದು, ತಲೆ ಹಿಂದಕ್ಕೆ ಎಸೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ನಗು ನಿಂತಾಗ ಓಬಳಮ್ಮ ತನ್ನನ್ನೇ ನೋಡುತ್ತಿರುವುದು ಕಂಡಿತು. ಹಂಸವೇಣಿ ಗಕ್ಕನೆ ತುಟಿ ಮುಚ್ಚಿದಳು.

"ಮುಚ್ಬೇಡ ಕಣೆ" ಅಂದಳು ಓಬಳಮ್ಮ. "ಒಂಬತ್ತು ವರ್ಷ ಆಯ್ತು ನೀನು ಈ ಮನೆಗೆ ಬಂದು. ನಿನ್ ಹಲ್ಲು ಇವತ್ತೇ ನಾನು ನೋಡಿದ್ದು."

ಊರುಗೋಲು ಊರಿ ಹತ್ತಿರ ಬಂದು, ಸೊಸೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಬೀದಿಯ ಮಕ್ಕಳನ್ನೆಲ್ಲ ನೋಡುತ್ತಿದ್ದ ಹಾಗೆಯೇ ನೋಡಿದಳು. ಆಮೇಲೆ ತಾನೂ ಬಾಯಿ ತುಂಬ ನಕ್ಕಳು, ಕಂದು ಹಲ್ಲುಗಳೆಲ್ಲ ಕಾಣುವ ಹಾಗೆ.

"ಥೇಟ್ ನನ್ನವೇ ಕಣೆ ಹಂಸ" ಅಂದಳು.